ನನ್ನ ಹೆಬ್ಬೆಟ್ಟು, ಅವರ ಕೊಬ್ಬರಿ

2024ರಲ್ಲಿ ಎರಡು ತಿಂಗಳ ಒಳಗೆ ಎರಡು ಸಲ ಬರೀ ಬೆರಳಿಗೋಸ್ಕರ ಊರಿಗೆ ಹೋಗಿಬಂದೆ. ಮಾರ್ಚ್‌ನಲ್ಲಿ ಹೆಬ್ಬೆಟ್ಟು ಒತ್ತೋದಕ್ಕೆ, ಏಪ್ರಿಲ್ 26ರಂದು ತೋರುಬೆರಳಿಗೆ ಶಾಯಿ ಹಾಕಿಸಿಕೊಳ್ಳೋದಕ್ಕೆ. ಮೊದಲನೆಯದು ಕೊಬ್ಬರಿ ನೋಂದಣಿ, ಎರಡನೆಯದು ಲೋಕಸಭಾ ಚುನಾವಣೆ. ಎರಡು ದಿನವೂ ತುರುವೇಕೆರೆ ಕಡೆಯ ಬಿಸಿಲಲ್ಲಿ ಸರತಿಯಲ್ಲಿ ನಿಂತಿದ್ದೆ. ಎರಡು ದಿನವೂ ನಮ್ಮ ತೋಟ ನೋಡಿಕೊಳ್ಳುವ ಅಣ್ಣ ಅಲ್ಲೇ ಇದ್ದರು. ಒಂದೇ ವ್ಯತ್ಯಾಸ. ಏಪ್ರಿಲ್‌ನಲ್ಲಿ ಶಾಲೆಯ ಮುಂದೆ ಅವರು ಸರತಿಯಲ್ಲಿ ನನಗಿಂತ ನಾಲ್ಕು ಜನ ಮುಂದಿದ್ದರು. ಮಾರ್ಚ್‌ನಲ್ಲಿ ಸರತಿಯಲ್ಲೇ ಇರಲಿಲ್ಲ, ಹೊರಗೆ ಮರದ ಕೆಳಗೆ ಕೂತು ನನಗೆ ಕಾಯ್ತಾ ಇದ್ದರು.

ಆ ವ್ಯತ್ಯಾಸದ ಬಗ್ಗೆ ಅವತ್ತು ಏನೂ ಅನ್ನಿಸಲಿಲ್ಲ. ಆಮೇಲೆ ಅನ್ನಿಸೋಕೆ ಶುರುವಾಗಿದ್ದು ನಿಂತಿಲ್ಲ. ಅದಕ್ಕೇ ಬರೀತಿದೀನಿ.

ಕೊಬ್ಬರಿ ಅಂದರೆ ಅಂಗಡಿಯಲ್ಲಿ ಸಿಗುವ ತುರಿದ ಪ್ಯಾಕೆಟ್ ಅಂತ ತಿಳಿದಿರುವ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆಗೋದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ದೋಟಿಯಲ್ಲಿ ಕಿತ್ತು, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುವ ಹೊತ್ತಿಗೆ ಕೊಬ್ಬರಿ ಆಯ್ತು ಅಂತ. ಆಮೇಲೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ಉಂಡೆ ಒಡೆಯದ ಹಾಗೆ ಬಿಡಿಸಬೇಕು. ಎಣ್ಣೆಗೆ ಹೋಗುವ ಕೊಬ್ಬರಿ ಇದಲ್ಲ. ಹೆಚ್ಚಿನದು ತಿಪಟೂರು ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ, ಅಲ್ಲಿನ ಹಬ್ಬ, ಮದುವೆ, ಸಿಹಿತಿಂಡಿಗೆ ಹೋಗುತ್ತೆ. ಅಂದರೆ ಇವತ್ತು ಅಟ್ಟಕ್ಕೆ ಹಾಕಿದ ಕಾಯಿಯ ಬೆಲೆ ಏನು ಅನ್ನೋದು ಮುಂದಿನ ವರ್ಷವೇ ಗೊತ್ತಾಗೋದು. ಬೆವರು ಈ ವರ್ಷದ್ದು, ಬೆಲೆ ಮುಂದಿನ ವರ್ಷದ್ದು.

2023ರಲ್ಲಿ ಆ ಬೆಲೆ ಕುಸಿಯಿತು. ಕ್ವಿಂಟಲ್‌ಗೆ ಎಂಟು ಸಾವಿರದ ಹತ್ತಿರಕ್ಕೆ ಇಳಿದ ದಿನಗಳಿದ್ದವು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ. ಮರುವರ್ಷ ಅದು 12,000 ಆಯ್ತು, ರಾಜ್ಯ ಸರ್ಕಾರ ಮೇಲೆ 1,500 ಸೇರಿಸಿತು, ಒಟ್ಟು 13,500. ನಾಫೆಡ್ ಮೂಲಕ ರಾಜ್ಯದಲ್ಲಿ 62,500 ಟನ್ ಖರೀದಿ ಅಂತ ಫೆಬ್ರವರಿಯಲ್ಲಿ ನೋಂದಣಿ ಶುರುವಾಗಿ, ಅಕ್ರಮದ ದೂರು ಬಂದು, ಅದನ್ನು ರದ್ದು ಮಾಡಿ ಮಾರ್ಚ್‌ನಲ್ಲಿ ಮತ್ತೆ ಮೊದಲಿಂದ ಮಾಡಿದರು. ಈ ಸಲ ರೈತನೇ ಖುದ್ದು ಬಂದು ಹೆಬ್ಬೆಟ್ಟು ಒತ್ತಬೇಕು. ಎಕರೆಗೆ ಆರು ಕ್ವಿಂಟಲ್, ಒಬ್ಬರಿಗೆ ಗರಿಷ್ಠ ಹದಿನೈದು.

ರೈತ ಅಂದರೆ ಯಾರು? ಪಹಣಿಯಲ್ಲಿ ಹೆಸರಿರೋನು. ನಮ್ಮ ಮನೆಯಲ್ಲಿ ಅದು ನಾನು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸುವಾಗ ಅಮ್ಮನೇ "ನಿನ್ ಹೆಸ್ರಿಗೇ ಇರ್ಲಿ ಬಿಡು, ನಾನ್ ಎಷ್ಟ್ ದಿನ ಇರ್ತೀನಿ" ಅಂದಿದ್ದರು. ನಾನೂ ಹೂಂ ಅಂದೆ. ಆದ್ದರಿಂದ ವರ್ಷಪೂರ್ತಿ ತೋಟಕ್ಕೆ ನೀರು ಬಂತಾ, ನುಸಿ ಬಿತ್ತಾ, ಕಪ್ಪುತಲೆ ಹುಳು ಬಂತಾ ಅಂತ ನೋಡುವ ಅಮ್ಮನ ಹೆಬ್ಬೆಟ್ಟಿಗೆ ಅಲ್ಲಿ ಬೆಲೆ ಇರಲಿಲ್ಲ. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವ ನನ್ನ ಹೆಬ್ಬೆಟ್ಟು ಬೇಕಿತ್ತು. ನಮ್ಮನೆ ಒಂದರ ಕಥೆ ಅಲ್ಲ ಇದು. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ಸುಮಾರು ಶೇ 14 ಮಾತ್ರ.

ಇನ್ನು ಅಣ್ಣನ ವಿಷಯ. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅಣ್ಣ ಅಂತೀನಿ. ಅವರು ನನ್ನನ್ನು ಸಾಮಿ ಅಂತಾರೆ, ಬೇಡ ಅಂದರೂ ಬಿಡಲ್ಲ. ತೋಟ ಅವರಿಗೆ ಪಾಲಿಗೆ ಕೊಟ್ಟಿದೀವಿ. ಗೊಬ್ಬರದ ಖರ್ಚು ನಮ್ಮದು, ಕೆಲಸ ಎಲ್ಲ ಅವರ ಮನೆಯವರದು. ಬಂದ ಕೊಬ್ಬರಿಯಲ್ಲಿ ಎರಡು ಭಾಗ ನಮಗೆ, ಒಂದು ಭಾಗ ಅವರಿಗೆ. ಎಲ್ಲಾ ಬಾಯಿಮಾತು.

ಆ ವರ್ಷ ಒಟ್ಟು ಹದಿನೆಂಟು ಕ್ವಿಂಟಲ್ ಆಗಿತ್ತು. ನಮ್ಮದು ಹನ್ನೆರಡು, ಅವರದು ಆರು. ಸರ್ಕಾರ ನನ್ನ ಹೆಸರಲ್ಲಿ ತಗೊಳ್ಳೋದು ಹದಿನೈದು. ಮೂರು ಕ್ವಿಂಟಲ್ ಹೊರಗಿನ ಮಾರುಕಟ್ಟೆಗೆ ಹೋಗಬೇಕು, ಅಲ್ಲಿ ಕ್ವಿಂಟಲ್‌ಗೆ ನಾಲ್ಕು ಸಾವಿರ ಕಮ್ಮಿ. ಈ ಮೂರು ಕ್ವಿಂಟಲ್ ಯಾರದ್ದು?

ಅಮ್ಮನ ಲೆಕ್ಕ ಸಲೀಸಾಗಿತ್ತು. "ನಮ್ ಪಾಣಿ, ನಮ್ದು ಮೊದ್ಲು. ಮಿಕ್ಕಿದ್ರಲ್ಲಿ ಅವ್ನದು ಹಾಕು." ಹಾಗೇ ಆಯ್ತು. ನಮ್ಮ ಹನ್ನೆರಡೂ ಒಳಗೆ, ಅವರ ಮೂರು ಒಳಗೆ, ಅವರ ಮೂರು ಹೊರಗೆ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಬದಲಿಗೆ, ಮೂರು ಕ್ವಿಂಟಲ್ ಆದರೂ ನನ್ನ ಹೆಸರಲ್ಲಿ ಹಾಕಿಕೊಟ್ಟೆನಲ್ಲ ಅನ್ನೋ ಸಣ್ಣ ಹೆಮ್ಮೆ ಇತ್ತು. ಅವರು ಕೈ ಮುಗಿದರು. "ನಿಮ್ಮಿಂದ ಉಪ್ಕಾರ ಆಯ್ತು ಸಾಮಿ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ, ಸುಮ್ಮನೆ, ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿದೆ. ಕೊಬ್ಬರಿ ಮೂರು ಪಾಲಾಗೋದಾದರೆ ಅವಕಾಶವೂ ಮೂರು ಪಾಲಾಗಬೇಕು ತಾನೆ? ಹದಿನೈದರಲ್ಲಿ ಹತ್ತು ನಮ್ಮದು, ಐದು ಅವರದು. ಹೊರಗೆ ಹೋಗುವ ಮೂರರಲ್ಲಿ ಎರಡು ನಮ್ಮದು, ಒಂದು ಅವರದು. ಹಾಗೆ ಮಾಡಿದ್ದರೆ ಅವರ ಕೈಗೆ ಎಂಟು ಸಾವಿರ ರೂಪಾಯಿ ಜಾಸ್ತಿ ಸೇರ್ತಿತ್ತು. ಆ ಎಂಟು ಸಾವಿರ ನನ್ನ ಅಕೌಂಟಿಗೆ ಬಂದಿತ್ತು, ಮೇಲೆ ಒಂದು ನಮಸ್ಕಾರ ಬೇರೆ.

ನೀವು ಹೇಳಬಹುದು, "ಪಹಣಿ ನಿನ್ನದು, ಕೋಟಾ ನಿನ್ನದು, ಅದರಲ್ಲಿ ಪಾಲು ಕೊಡಬೇಕು ಅಂತ ಎಲ್ಲಿದೆ?" ಎಲ್ಲೂ ಇಲ್ಲ ನಿಜ. ಆದರೆ ಆ ಕೋಟಾ ಬಂದಿದ್ದು ಯಾಕೆ? ಬೆಲೆ ಬಿದ್ದು ಬೆಳೆದವರು ಮುಳುಗಬಾರದು ಅಂತ. ಬೆಲೆ ಬಿದ್ದರೆ ನನಗೆ ಆಗೋದು ಬೇಜಾರು. ಇಎಂಐ ನನ್ನ ಸಂಬಳದಲ್ಲಿ ಹೋಗುತ್ತೆ. ಅವರಿಗೆ ಆಗೋದು ಮಗಳ ಕಾಲೇಜು ಫೀಸಿಗೆ ಕೈಸಾಲ. ಯಾವ ಕಷ್ಟದ ಹೆಸರು ಹೇಳಿ ಈ ನೆರವು ಬಂತೋ ಆ ಕಷ್ಟ ಹೆಚ್ಚಾಗಿ ಇದ್ದದ್ದು ಮರದ ಕೆಳಗೆ ಕೂತವರಿಗೆ. ಸರತಿಯಲ್ಲಿ ನಿಂತು ಅದನ್ನು ತಗೊಂಡಿದ್ದು ನಾನು.

ಇಲ್ಲಿಂದ ಮುಂದೆ ಇದು ನಮ್ಮ ಮನೆಯ ಲೆಕ್ಕ ಮಾತ್ರ ಆಗಿ ಉಳಿಯಲ್ಲ. ಪ್ರಾತಿನಿಧ್ಯ ಅಂದರೇನು ಅನ್ನೋ ಪ್ರಶ್ನೆಗೆ ಬಂದು ನಿಲ್ಲುತ್ತೆ.

ಕೊಬ್ಬರಿ ವಿಷಯದಲ್ಲಿ ನಮ್ಮ ಸೀಮೆಗೆ ಪ್ರತಿನಿಧಿಗಳ ಬರ ಇಲ್ಲ. 2023ರಲ್ಲಿ ತಿಪಟೂರು ಕಾಂಗ್ರೆಸ್‌ಗೆ, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಜೆಡಿಎಸ್‌ಗೆ ಹೋದವು. ಅದಕ್ಕೆ ಮುಂಚೆ, 2018ರಲ್ಲಿ, ಮೂರೂ ಬಿಜೆಪಿಯದ್ದಾಗಿದ್ದವು. ಐದು ವರ್ಷದಲ್ಲಿ ಮೂರೂ ಕ್ಷೇತ್ರ ಪೂರ್ತಿ ತಿರುಗಿ ಬಿದ್ದವು. ಯಾವ ಪಕ್ಷದವರೇ ಆಗಲಿ, ಇಲ್ಲಿ ನಿಂತು ಕೊಬ್ಬರಿ ಬಗ್ಗೆ ಮಾತಾಡದೆ ಗೆಲ್ಲೋ ಹಾಗಿಲ್ಲ. ಪ್ರಜಾಪ್ರಭುತ್ವ ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೆ ಆ ಭಾಷಣಗಳಲ್ಲಿ ಬರುವ "ತೆಂಗು ಬೆಳೆಗಾರ" ಯಾರು ಅಂತ ಕೇಳಿ ನೋಡಿ. ಬೆಂಬಲ ಬೆಲೆಯ ಬಗ್ಗೆ ಎಷ್ಟು ಭಾಷಣ ಕೇಳಿದ್ದೀರಿ? ದೋಟಿ ಹಿಡಿಯೋರ, ಕಾಯಿ ಸುಲಿಯೋರ ಕೂಲಿ ಬಗ್ಗೆ ಎಷ್ಟು? 2011ರ ಜನಗಣತಿಯಲ್ಲಿ ಈ ದೇಶದ ಸಾಗುವಳಿದಾರರು 11.88 ಕೋಟಿ, ಕೃಷಿ ಕಾರ್ಮಿಕರು 14.43 ಕೋಟಿ. ಓಟಿನ ಲೆಕ್ಕದಲ್ಲಿ ಎರಡನೆಯವರೇ ಹೆಚ್ಚು. ಆದರೂ "ರೈತ" ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಪಹಣಿ ಇರೋನೇ.

ಹನ್ನಾ ಪಿಟ್ಕಿನ್ 1967ರಲ್ಲಿ ಪ್ರಾತಿನಿಧ್ಯದ ಪರಿಕಲ್ಪನೆ ಬಗ್ಗೆ ಒಂದು ಪುಸ್ತಕ ಬರೆದರು. ರಾಜ್ಯಶಾಸ್ತ್ರ ಓದುವವರಿಗೆ ಅದು ಇವತ್ತಿಗೂ ಬುನಾದಿ. ಅವರು ಬಿಡಿಸಿಟ್ಟ ಅರ್ಥಗಳಲ್ಲಿ ಎರಡು ನನ್ನ ವಿಷಯಕ್ಕೆ ಸಾಕು. ಒಂದು, ಪ್ರತಿನಿಧಿಗೆ ಅಧಿಕಾರ ಕೊಟ್ಟಿದ್ದು ಯಾರು? ಇನ್ನೊಂದು, ಅವನು ಸರಿಯಾಗಿ ನಡೆದುಕೊಳ್ಳದಿದ್ದರೆ ಲೆಕ್ಕ ಕೇಳೋರು ಯಾರು? ಈ ಎರಡು ಪ್ರಶ್ನೆ ಇಟ್ಟುಕೊಂಡು ನನ್ನನ್ನೇ ನೋಡಿ. ನೋಂದಣಿ ಮೇಜಿನ ಮುಂದೆ ನಾನು ಅಣ್ಣನ ಪ್ರತಿನಿಧಿ. ಅವರ ಕೊಬ್ಬರಿ ನನ್ನ ಹೆಸರಲ್ಲಿ, ಅವರ ದುಡ್ಡು ನನ್ನ ಖಾತೆಗೆ. ಅವರು ನನ್ನನ್ನು ಆರಿಸಿದರಾ? ಇಲ್ಲ, ಅಪ್ಪ ಸತ್ತಿದ್ದರಿಂದ ನಾನು ಅಲ್ಲಿದ್ದೆ. ನಾನು ಮೋಸ ಮಾಡಿದರೆ ಅವರು ನನ್ನನ್ನು ಇಳಿಸಬಹುದಾ? ಆಗಲ್ಲ. ತೋಟ ಬಿಟ್ಟು ಹೋಗಬಹುದು ಅಷ್ಟೇ. ಶಾಸಕರನ್ನಾದರೆ ಅವರು ಐದು ವರ್ಷಕ್ಕೊಮ್ಮೆ ಇಳಿಸಬಲ್ಲರು, 2023ರಲ್ಲಿ ಇಡೀ ಸೀಮೆಯೇ ಇಳಿಸಿತು. ನನ್ನನ್ನು ಇಳಿಸೋಕೆ ಚುನಾವಣೆಯೇ ಇಲ್ಲ.

ಇದು ಹೊಸದೇನಲ್ಲ. ಅಮೆರಿಕದ ವಸಾಹತಿನವರು 1765ರಲ್ಲಿ "ನಮ್ಮ ಕಡೆಯವರು ಒಬ್ಬರೂ ಇಲ್ಲದ ಸಭೆ ನಮ್ಮ ಮೇಲೆ ತೆರಿಗೆ ಹಾಕೋದು ಹೇಗೆ" ಅಂತ ಕೇಳಿದಾಗ, ಬ್ರಿಟಿಷ್ ಸಂಸತ್ತಿನ ಕಡೆಯಿಂದ ಬಂದ ಉತ್ತರ ಇದೇ ಜಾತಿಯದು: ನೀವು ಓಟು ಹಾಕದಿದ್ದರೇನು, ನಿಮ್ಮ ಹಿತವೂ ನಮ್ಮ ಮನಸ್ಸಿನಲ್ಲಿದೆ. ನಮ್ಮ ಹಳೇ ಮೈಸೂರು ಸೀಮೆಯದೇ ಉದಾಹರಣೆ ಬೇಕಂದರೆ, 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ಇದೆ. ದೇಶಕ್ಕೇ ಮಾದರಿ ಅಂತ ನಾವು ಹೆಮ್ಮೆ ಪಡುವ ಸಭೆ, ಪಡಲಿ, ತಪ್ಪಿಲ್ಲ. ಆದರೆ ದಸರೆಗೆ ಅಲ್ಲಿ ಬಂದು ಕೂತ ಪ್ರಜೆಗಳ ಪ್ರತಿನಿಧಿಗಳು ಭೂಮಿ ಇದ್ದ ರೈತರು, ವರ್ತಕರು. ಆಮೇಲೆ ಚುನಾವಣೆ ಬಂದಾಗಲೂ ಕಂದಾಯ ಕಟ್ಟುವವರಿಗೆ, ಆಸ್ತಿ, ಓದು ಇದ್ದವರಿಗೇ ಓಟು. ಉಳಿದವರ ಪರವಾಗಿ ಇವರು ಮಾತಾಡ್ತಾರೆ ಅನ್ನೋ ನಂಬಿಕೆ.

ಮೊದಲ ಸಾರ್ವತ್ರಿಕ ಚುನಾವಣೆ ಬಂದಾಗ, 1951-52ರಲ್ಲಿ, ಆ ಕಂದಾಯದ ಲೆಕ್ಕ ಹೊರಟುಹೋಯ್ತು. ಅದಕ್ಕೆ ಎರಡು ವರ್ಷ ಮುಂಚೆ, 1949ರ ನವೆಂಬರ್ 25ರಂದು, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಎಲ್ಲರೂ ಸಮ, ಬದುಕಿನಲ್ಲಿ ಅಲ್ಲ. ಈ ವಿರೋಧಾಭಾಸವನ್ನು ಎಷ್ಟು ದಿನ ಹೀಗೇ ಇಟ್ಟುಕೊಳ್ಳುತ್ತೀರಿ ಅಂತ. ಆ ಮಾತನ್ನು ಪರೀಕ್ಷೆಗೆ ಓದಿದ್ದೆ. ಅದು ಕಣ್ಣಿಗೆ ಕಂಡಿದ್ದು 2024ರ ಆ ಎರಡು ಸರತಿಗಳಲ್ಲಿ. ಏಪ್ರಿಲ್ ಸರತಿ ಸಂವಿಧಾನದ್ದು. ಮಾರ್ಚ್ ಸರತಿ 1881ರದ್ದು.

ಇದಕ್ಕೆ ಪರಿಹಾರ ಸುಲಭ ಅನ್ನಿಸುತ್ತೆ. ಪಾಲಿಗೆ ಮಾಡುವವರ ಹೆಸರನ್ನೂ ದಾಖಲೆಗೆ ಸೇರಿಸಿ, ಮುಗೀತು. ಆದರೆ ಇಲ್ಲೊಂದು ವಿಪರ್ಯಾಸ ಇದೆ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಉಳುವವನಿಗೇ ಭೂಮಿ ಅಂದರು. ಗೇಣಿ ಪದ್ಧತಿಯನ್ನೇ ನಿಷೇಧಿಸಿದರು, ಸೈನಿಕರಂಥ ಕೆಲವರಿಗೆ ಬಿಟ್ಟು. ಲಕ್ಷಾಂತರ ಕುಟುಂಬಗಳಿಗೆ ಜಮೀನು ಸಿಕ್ಕಿದ ಕಾನೂನು ಅದು. ಆದರೆ ಗೇಣಿ ನಿಂತಿಲ್ಲ, ಕಾಗದದಿಂದ ಬಾಯಿಮಾತಿಗೆ ಇಳಿಯಿತು ಅಷ್ಟೇ. ಈಗ ನಾನು ಪ್ರಾಮಾಣಿಕವಾಗಿ ಅಣ್ಣನಿಗೆ ಒಂದು ಕರಾರುಪತ್ರ ಬರೆದುಕೊಡೋಣ ಅಂದರೂ ಕಾನೂನಿನ ಕಣ್ಣಲ್ಲಿ ಆ ಕರಾರಿಗೆ ಜಾಗವಿಲ್ಲ. ಅಂದು ಗೇಣಿದಾರನನ್ನು ಉಳಿಸಿದ ಕಾನೂನು ಇಂದು ಅವನನ್ನು ಕಾಣದ ಹಾಗೆ ಮಾಡಿದೆ. ಪಕ್ಕದ ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಅಂತ ತಂದು, ಒಡೆತನ ಮುಟ್ಟದೆ ಹನ್ನೊಂದು ತಿಂಗಳ ಮಟ್ಟಿಗೆ ಬೆಳೆ ಮಾಡುವವರಿಗೆ ಕಾರ್ಡ್ ಕೊಡೋ ದಾರಿ ಮಾಡಿದರು. ಆದರೆ ಅದಕ್ಕೂ ಮಾಲೀಕನ ಒಪ್ಪಿಗೆ ಬೇಕು. ಸುತ್ತಿ ಸುತ್ತಿ ಮತ್ತೆ ನನ್ನಂಥವನ ಹೆಬ್ಬೆಟ್ಟಿಗೇ ಬಂತು.

ಈಗ ಇನ್ನೊಂದು ಬೆರಳಿನ ವಿಷಯಕ್ಕೆ ಬರೋಣ. ಇದು ನಿಮಗೂ ಸಂಬಂಧಪಟ್ಟಿದ್ದು.

ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಇದೀನಿ. ಓಟು ಮಾತ್ರ ಊರಲ್ಲಿ. ನನ್ನ ತಂಡದಲ್ಲಿ ಹಾಸನ, ದಾವಣಗೆರೆ, ಕೊಪ್ಪಳದವರು ಇದಾರೆ, ಅವರದೂ ಹಾಗೇ. ಏಪ್ರಿಲ್ 26ರಂದು ಬೆಂಗಳೂರಿನಲ್ಲೂ ಮತದಾನ ಇತ್ತು. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣದಲ್ಲಿ ಸುಮಾರು ಶೇ 54 ದಾಟಲಿಲ್ಲ, ತುಮಕೂರಿನಲ್ಲಿ ಸುಮಾರು ಶೇ 78. "ಬೆಂಗಳೂರಿನವರಿಗೆ ಜವಾಬ್ದಾರಿ ಇಲ್ಲ" ಅಂತ ಟಿವಿಯಲ್ಲಿ ಬೈಯುವಾಗ ನಾವು ನಾಲ್ಕು ಜನ ಶಾಯಿ ಹಚ್ಚಿದ ಬೆರಳಿನ ಸೆಲ್ಫಿ ಹಾಕಿ ಬೀಗಿದ್ದೆವು.

ಆಮೇಲೆ 1950ರ ಜನಪ್ರಾತಿನಿಧ್ಯ ಕಾಯ್ದೆ ತೆಗೆದು ನೋಡಿದೆ. ಓಟು ಇರಬೇಕಾದ್ದು ನೀವು ಸಾಮಾನ್ಯವಾಗಿ ವಾಸ ಮಾಡುವ ಕಡೆ. ಅದರ 20ನೇ ಕಲಂ ಇನ್ನೂ ಖಡಕ್. ಒಂದು ಕ್ಷೇತ್ರದಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿ ಆಗಲ್ಲ. ನನ್ನ ವಿಷಯದಲ್ಲಿ ಇರೋದು ಆ ಒಂದೇ ಕಾರಣ! ಅಂದರೆ ಕೊಬ್ಬರಿ ಮೇಜಿನ ಮುಂದೆ ಯಾವ ಒಡೆತನ ನನ್ನನ್ನು ಒಳಗೆ ಬಿಟ್ಟಿತೋ, ಮತಗಟ್ಟೆಯ ಮುಂದೆ ಕಾನೂನು ಅದೇ ಒಡೆತನವನ್ನು ಲೆಕ್ಕಕ್ಕೇ ತಗೊಳ್ಳಲ್ಲ. ತಮಾಷೆ ಇನ್ನೂ ಇದೆ. 2010ರ ತಿದ್ದುಪಡಿಯ ಪ್ರಕಾರ, ಬೇರೆ ದೇಶದ ಪೌರತ್ವ ತಗೊಳ್ಳದೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ ತಿಪಟೂರಿನ ಹುಡುಗ ಪಾಸ್‌ಪೋರ್ಟಿನ ವಿಳಾಸದ ಮೇಲೆ ತಿಪಟೂರಿನ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳಬಹುದು, ಬಂದು ಓಟು ಹಾಕಬಹುದು. ಮೂರು ಗಂಟೆ ದೂರದ ಬೆಂಗಳೂರಿನಲ್ಲಿರುವ ನಾನು ಹಾಗೆ ಮಾಡೋ ಹಾಗಿಲ್ಲ. ನಿಲ್ಲುವ ಅಭ್ಯರ್ಥಿಗೂ ಈ ಕಟ್ಟು ಇಲ್ಲ. ಲೋಕಸಭೆಯ ಸಾಮಾನ್ಯ ಕ್ಷೇತ್ರಕ್ಕೆ ದೇಶದ ಯಾವ ಮೂಲೆಯ ಮತದಾರನೂ ಸ್ಪರ್ಧಿಸಬಹುದು. ತುಮಕೂರಿನಲ್ಲಿ 2019ರಲ್ಲಿ ಹಾಸನದ ದೇವೇಗೌಡರು ನಿಂತಾಗ, 2024ರಲ್ಲಿ ಬೆಂಗಳೂರಿನ ರಾಜಕಾರಣದಿಂದ ವಿ. ಸೋಮಣ್ಣ ಬಂದಾಗ "ಹೊರಗಿನವರು" ಅನ್ನೋ ಮಾತು ಎದ್ದಿತ್ತು. ಒಬ್ಬರು ಸೋತರು, ಒಬ್ಬರು ಗೆದ್ದರು. ಆ ಚರ್ಚೆಯಲ್ಲಿ ನಾನೂ ಜೋರಾಗಿ ಮಾತಾಡಿದ್ದೆ. ಕಾನೂನಿನ ಪ್ರಕಾರ ನಿಜವಾದ ಹೊರಗಿನವನು ನಾನೇ.

ಆದರೂ ನನ್ನ ಪರವಾಗಿ ನಾನೇ ಸ್ವಲ್ಪ ವಾದ ಮಾಡಿಕೊಂಡೆ. ಕಾನೂನು ಒಂದು, ನ್ಯಾಯ ಇನ್ನೊಂದು. ಅಮ್ಮ ಅಲ್ಲಿದಾರೆ, ತೋಟ ಅಲ್ಲಿದೆ, ಹೇಮಾವತಿ ನೀರು ನಾಲೆಗೆ ಬರುತ್ತೋ ಇಲ್ಲವೋ ಅನ್ನೋದು ನನಗೆ ತಟ್ಟುತ್ತೆ. ಅಮೆರಿಕದ ರಾಬರ್ಟ್ ಡಾಲ್ 1970ರಲ್ಲಿ ಚರ್ಚಿಸಿದ ಒಂದು ತತ್ವ ಇದೆ: ಒಂದು ತೀರ್ಮಾನ ಯಾರಿಗೆ ತಟ್ಟುತ್ತೋ ಅವರಿಗೆ ಅದರಲ್ಲಿ ಮಾತಿರಬೇಕು. ಹಾಗಾದರೆ ನನಗೂ ಇರಬೇಕಲ್ಲ?

ಇದನ್ನು ಸ್ವಲ್ಪ ಎಳೆದು ನೋಡಿ. ನಮ್ಮ ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರೋದು, ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತನ್ನು ಕೆಲವು ವಾರ ನಿಲ್ಲಿಸಿದಾಗ ನಮ್ಮ ಅಡುಗೆಮನೆಗಳಿಗೆ ಬಿಸಿ ತಟ್ಟುವ ಭಯ ಹುಟ್ಟಿತ್ತು. ಹಾಗಂತ ನಮಗೆ ಜಕಾರ್ತಾದಲ್ಲಿ ಓಟು ಕೊಡಿ ಅನ್ನೋಕಾಗುತ್ತಾ? ಇನ್ನು ನಮ್ಮ ಸರ್ಕಾರವೇ 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯತೈಲದ ಆಮದು ಸುಂಕ ಏರಿಸಿತು, 2025ರ ಮೇ ಕೊನೆಯಲ್ಲಿ ಇಳಿಸಿತು. ಏರಿಸಿದರೆ ಎಣ್ಣೆಕಾಳು, ಕೊಬ್ಬರಿ ಬೆಳೆಯೋರಿಗೆ ಒಳ್ಳೇದು, ಇಳಿಸಿದರೆ ಬೆಂಗಳೂರಿನ ನನ್ನ ಅಡುಗೆಮನೆಗೆ ಒಳ್ಳೇದು. ಎರಡೂ ನನಗೆ ತಟ್ಟುತ್ತೆ, ಎರಡು ವಿರುದ್ಧ ದಿಕ್ಕಿನಲ್ಲಿ. ತಟ್ಟುತ್ತೆ ಅನ್ನೋದೇ ಅರ್ಹತೆ ಆದರೆ ಎಲ್ಲರಿಗೂ ಎಲ್ಲ ಕಡೆಯೂ ಓಟು ಬೇಕಾಗುತ್ತೆ. ಹಾಗಾಗಿ ಪ್ರಶ್ನೆ "ತಟ್ಟುತ್ತಾ" ಅಂತ ಅಲ್ಲ. ತಟ್ಟಿದರೆ ತಪ್ಪಿಸಿಕೊಂಡು ಹೋಗೋಕೆ ಆಗುತ್ತಾ, ಅದು ಪ್ರಶ್ನೆ.

ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ, ಅದೇ 1970ರಲ್ಲಿ, ಒಂದು ಸಂಸ್ಥೆಯೋ ದೇಶವೋ ಕೆಡುತ್ತಾ ಬಂದಾಗ ಜನರ ಮುಂದಿರುವ ದಾರಿಗಳನ್ನು ವಿವರಿಸಿದರು. ಬಿಟ್ಟು ಹೋಗೋದು ಒಂದು, ಇದ್ದು ದನಿ ಎತ್ತೋದು ಇನ್ನೊಂದು. ನಮ್ಮಂಥವರು ಮೊದಲನೆಯದನ್ನು ಆರಿಸಿಕೊಂಡು ಬಂದವರು. ಆದರೆ ಹೋಗುವಾಗ ದನಿಯನ್ನೂ ಊರಲ್ಲೇ ಬಿಟ್ಟು, ಅದಕ್ಕೆ ಬೀಗ ಹಾಕಿ, ಕೀಲಿ ಜೇಬಲ್ಲಿ ಇಟ್ಟುಕೊಂಡು ಬಂದಿದೀವಿ. ಲೋಕಸಭೆಯಲ್ಲಿ ನನ್ನ ಒಂದು ಓಟು ಗೊತ್ತಾಗಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಗೊತ್ತಾಗುತ್ತೆ. 2020ರ ಡಿಸೆಂಬರ್‌ನ ಪಂಚಾಯ್ತಿ ಚುನಾವಣೆಗೆ ಬೆಂಗಳೂರಿನಿಂದ ನಮ್ಮೂರಿಗೆ ಗಾಡಿ ಮಾಡಿಕೊಟ್ಟಿದ್ದರು. ಹತ್ತಿಪ್ಪತ್ತು ಓಟಿನಲ್ಲಿ ಸೋಲು ಗೆಲುವು ನಿರ್ಧಾರ ಆಗುವ ಕಡೆ ಒಂದು ಗಾಡಿ ಜನ ಅಂದರೆ ಸಾಮಾನ್ಯ ಅಲ್ಲ. ಬೆಳಿಗ್ಗೆ ಬಂದೆವು, ಒತ್ತಿದೆವು, ಊಟ ಮಾಡಿದೆವು, ಸಂಜೆ ಹೊರಟೆವು. ಅಲ್ಲಿನ ಬೋರ್‌ವೆಲ್ ಕೆಟ್ಟರೆ ಕೊಡ ಹಿಡಿದು ನಿಲ್ಲೋರು ಅಲ್ಲೇ ಉಳಿದರು.

ಇತ್ತ, ವಾಸ ಇರುವ ಕಡೆ ನನ್ನ ಸ್ಥಿತಿ ಏನು? ಬೆಂಗಳೂರು ಪಾಲಿಕೆಯ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ವರ್ಷ ವರ್ಷ ಕಾರ್ಪೊರೇಟರ್ ಅನ್ನೋರೇ ಇಲ್ಲದೆ ಊರು ನಡೆಯಿತು, 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ರಸ್ತೆ ಗುಂಡಿ ಬಗ್ಗೆ ಟ್ವೀಟ್ ಮಾಡ್ತೀವಿ, ಕಸದ ಬಗ್ಗೆ ವಾಟ್ಸ್‌ಆ್ಯಪ್ ಗುಂಪಲ್ಲಿ ಬೈತೀವಿ. ಆದರೆ ಈ ನಗರದಲ್ಲಿ ಚುನಾವಣೆ ಯಾಕೆ ಆಗ್ತಿಲ್ಲ ಅಂತ ಗಟ್ಟಿಯಾಗಿ ಕೇಳೋಕೆ ನಮಗೆ ಮುಖ ಎಲ್ಲಿದೆ? ನಮ್ಮ ಹೆಸರು ಇಲ್ಲಿನ ಪಟ್ಟಿಯಲ್ಲೇ ಇಲ್ಲ. ನಮ್ಮ ಬೀದಿಯಲ್ಲಿ ಕಸ ಗುಡಿಸುವ ಹೆಣ್ಣುಮಗಳ ಓಟು ರಾಯಚೂರಲ್ಲಿ, ನನ್ನ ಓಟು ತುರುವೇಕೆರೆಯಲ್ಲಿ. ಇಬ್ಬರೂ ಇಲ್ಲಿ ಲೆಕ್ಕಕ್ಕಿಲ್ಲ. ವ್ಯತ್ಯಾಸ ಏನಂದರೆ ನಾನು ಒಂದು ಫಾರ್ಮ್ ತುಂಬಿದರೆ ಸಾಕು. ಅವಳಿಗೆ ಬಾಡಿಗೆ ಕರಾರಿಲ್ಲ, ವಿಳಾಸದ ಪುರಾವೆ ಇಲ್ಲ. ಇವರಂಥವರಿಗಾಗಿ ಚುನಾವಣಾ ಆಯೋಗ 2023ರ ಜನವರಿಯಲ್ಲಿ ಒಂದು ಯಂತ್ರ ತೋರಿಸಿತು, ಇದ್ದ ಕಡೆಯಿಂದಲೇ 72 ಕ್ಷೇತ್ರಗಳವರೆಗೆ ಓಟು ಹಾಕಬಹುದಾದ್ದು. ಪಕ್ಷಗಳು ಒಪ್ಪಲಿಲ್ಲ. ನನಗಿರುವ ಸಂದೇಹ ಬೇರೆ. ಅವಳ ಓಟನ್ನು ಊರಿಗೆ ತಲುಪಿಸುವುದಕ್ಕಿಂತ, ಅವಳು ಬದುಕುವ ವಾರ್ಡಿನಲ್ಲೇ ಅವಳು ಮತದಾರಳಾಗೋದು ಮುಖ್ಯ ಅಲ್ಲವಾ? ಅವಳ ಸಂಬಳ, ಅವಳ ಗ್ಲೌಸು, ಅವಳ ಮಕ್ಕಳ ಶಾಲೆ ಎಲ್ಲಾ ತೀರ್ಮಾನ ಆಗೋದು ಇಲ್ಲಿ.

2025ರಲ್ಲಿ ಕೊಬ್ಬರಿ ಕಥೆ ತಿರುಗಿತು. ಬರ, ರೋಗ, ಫಸಲು ಕಮ್ಮಿ, ಎಳನೀರಿಗೆ ಬೇಡಿಕೆ, ಎಲ್ಲ ಸೇರಿ ಬೆಲೆ ಏರ್ತಾ ಏರ್ತಾ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಬೆಂಬಲ ಬೆಲೆ 12,100. ಯಾರಿಗೆ ಬೇಕು! ಅಣ್ಣ ತಮ್ಮ ಪಾಲಿನ ಮೂಟೆಗಳನ್ನು ತಾವೇ ಹೇರಿಕೊಂಡು ತಿಪಟೂರಿಗೆ ಹೋಗಿ ಮಾರಿ ಬಂದರು. ಯಾರ ಪಹಣಿಯೂ ಬೇಕಾಗಲಿಲ್ಲ, ಯಾರ ಹೆಬ್ಬೆಟ್ಟೂ ಬೇಕಾಗಲಿಲ್ಲ. ಸರ್ಕಾರದ ಮೇಜಿಗಿಂತ ಮಾರುಕಟ್ಟೆಯೇ ಅವರನ್ನು ಸಮಾನವಾಗಿ ಕಂಡಿತು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಇದೇ ಮಾರುಕಟ್ಟೆ 2023ರಲ್ಲಿ ಅವರನ್ನು ಬೀದಿಗೆ ತರೋದರಲ್ಲಿತ್ತು. ಮಾರುಕಟ್ಟೆ ಪಹಣಿ ಕೇಳಲ್ಲ, ಸರಿ. ಉಳಿದರಾ ಅಂತಲೂ ಕೇಳಲ್ಲ. ನೆರವು ಬೇಕಾಗೋದು ಕೆಟ್ಟ ವರ್ಷದಲ್ಲಿ, ಪಹಣಿ ಕೇಳೋದೂ ಆ ವರ್ಷವೇ.

ಆ ಎಂಟು ಸಾವಿರದ ವಿಷಯ ಹೇಳಲಿಲ್ಲ ಅಲ್ಲವಾ. ಕೊಟ್ಟೆ. 2024ರ ಯುಗಾದಿಗೆ ಊರಿಗೆ ಹೋದಾಗ ಕವರಿನಲ್ಲಿ ಹಾಕಿ "ಹಬ್ಬದ ಖರ್ಚಿಗೆ ಇಟ್ಕೊಳಿ" ಅಂತ ಕೊಟ್ಟೆ. ಅವರು ಮತ್ತೆ ಕೈ ಮುಗಿದರು. ಅಂದರೆ ಅವರ ದುಡ್ಡನ್ನೇ ಅವರಿಗೆ ಉಡುಗೊರೆ ಅಂತ ಕೊಟ್ಟು ಎರಡನೇ ಸಲ ನಮಸ್ಕಾರ ತಗೊಂಡೆ. ಬಾಕಿ ತೀರಿಸಿದೆ ಅನ್ನೋ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಬಾಕಿ ಅಂದರೆ ಅವರಿಗೆ ಕೇಳುವ ಹಕ್ಕಿದೆ ಅಂತ ಆಗುತ್ತೆ. ಮುಂದಿನ ಸಲವೂ ಕೇಳಬಹುದು ಅಂತ ಆಗುತ್ತೆ. ದಾನ ಅಂದರೆ ಆ ತಾಪತ್ರಯ ಇಲ್ಲ, ಮನಸ್ಸಾದರೆ ಕೊಡ್ತೀನಿ. ನಾವು ಸಹಾಯಕ್ಕೆ ಯಾವತ್ತೂ ರೆಡಿ. ಹಕ್ಕಿನ ಮಾತು ಬಂದರೆ ಯಾಕೆ ತಡವರಿಸ್ತೀವಿ ಅನ್ನೋದು ಆ ಕವರಿನಿಂದ ನನಗೆ ಗೊತ್ತಾಯ್ತು.

ಕಳೆದ ಸಲ ಹೋದಾಗ ತೋಟದ ಬದುವಿನ ಮೇಲೆ ಕೂತು ಪೂರ್ತಿ ಲೆಕ್ಕ ಹೇಳಿದೆ. ಹದಿನೆಂಟು, ಹದಿನೈದು, ಹತ್ತು, ಐದು. ಕವರಿನ ವಿಷಯವೂ. ಅವರು ಗರಿ ಸೀಳ್ತಾ ಕೇಳಿಸಿಕೊಂಡರು. ಆಮೇಲೆ "ನಂಗೊತ್ತಿತ್ತು ಸಾಮಿ" ಅಂದರು.

"ಮತ್ತೆ ಕೇಳ್ಬೇಕಿತ್ತಲ್ಲ ಅಣ್ಣ?"

"ಯಾರ್ನ ಕೇಳ್ಲಿ?"

ಪಿಟ್ಕಿನ್ ಪುಸ್ತಕದ ಎರಡನೇ ಪ್ರಶ್ನೆ ಇದೇ. ನಾನು ಉತ್ತರ ಕೊಡಲಿಲ್ಲ. ಮುಂದೆ ಹೀಗೇನಾದರೂ ನೋಂದಣಿ ಬಂದರೆ ಅವಕಾಶವೂ ಮೂರು ಪಾಲು, ಮೂಟೆ ತೂಗುವಾಗ ಅವರೂ ಇರಬೇಕು, ಲೆಕ್ಕ ಬರೆದಿಡಬೇಕು ಅಂತ ಮಾತಾಡಿಕೊಂಡೆವು. ಕಾನೂನಿನಲ್ಲಿ ಇದಕ್ಕೆ ಬೆಲೆ ಇಲ್ಲ ಅಂತಲೂ ಹೇಳಿದೆ. ಅಮ್ಮನ ಹೆಸರನ್ನು ಪಹಣಿಗೆ ಸೇರಿಸೋ ಕೆಲಸ ಶುರು ಮಾಡಿದೀನಿ. ಅಮ್ಮ "ಈಗ್ಯಾಕೆ" ಅಂತಲೇ ಇದಾರೆ. ಬೆಂಗಳೂರಿಗೆ ಬಂದ ಮೇಲೆ ಫಾರ್ಮ್ 8 ತುಂಬಿದೆ, ಓಟು ಇಲ್ಲಿಗೆ ಬದಲಾಯಿಸೋದಕ್ಕೆ. ಸುಲಭವಾಗಿರಲಿಲ್ಲ. ಊರಿನ ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರಿತ್ತು. ಅಪ್ಪನದನ್ನು ಅವರು ಹೋದಾಗ ತೆಗೆದರು, ನನ್ನದನ್ನು ನಾನೇ ತೆಗೆಸಬೇಕು.

ಫೋನ್ ಮಾಡಿ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಓಟು ಅಲ್ಲಿಗ್ ಓದ್ರೆ ಎಬ್ಬೆಟ್ಟೂ ಓಯ್ತದಾ ಸಾಮಿ?"

ಇಲ್ಲ, ಪಹಣಿ ಇಲ್ಲೇ ಇರುತ್ತಲ್ಲ, ಹೆಬ್ಬೆಟ್ಟು ನಡೆಯುತ್ತೆ ಅಂದೆ.

"ಅಂಗಾದ್ರೆ ತೊಂದ್ರೆ ಇಲ್ಲ ಬಿಡಿ. ಓಟು ನಮ್ದೇ ಐತೆ" ಅಂದರು.